ಮಾಂಟೆರೇ ಕೊಲ್ಲಿಗೆ ತಿಮಿಂಗಿಲ ನೋಡಲು ಹೊರಟವರಿಗೆ: ಮೊದಲು ಹಕ್ಕಿ ನೋಡಿ

ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಫ್ರೀಮಾಂಟ್, ಸನ್ನಿವೇಲ್ ಕಡೆಯ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಅವರ ಬೆನ್ನಿಗೇ ನನಗೆ ಅದೇ ನಾಲ್ಕು ಪ್ರಶ್ನೆಗಳು ಬರುತ್ತವೆ. ಮಾಂಟೆರೇಯಲ್ಲಿ ತಿಮಿಂಗಿಲ ಯಾವಾಗ ಸಿಗುತ್ತದೆ? ಯಾವ ದೋಣಿ ಒಳ್ಳೆಯದು? ವಾಂತಿಯಾಗದಂತೆ ಏನು ಮಾಡಬೇಕು? ಏನೂ ಕಾಣದಿದ್ದರೆ ದುಡ್ಡು ವಾಪಸು ಕೊಡುತ್ತಾರೆಯೇ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ಐದನೆಯ ಪ್ರಶ್ನೆಯೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ತಿಮಿಂಗಿಲ ಎಲ್ಲಿದೆ ಎಂದು ದೋಣಿಯವರಿಗೆ ಹೇಗೆ ಗೊತ್ತಾಗುತ್ತದೆ?

ಕಬಿನಿಯಲ್ಲಿ ಸಫಾರಿ ಮಾಡಿದವರಿಗೆ ಉತ್ತರ ಅರ್ಧ ಗೊತ್ತು. ಅಲ್ಲಿ ಜೀಪಿನ ಚಾಲಕ ಹುಲಿಯನ್ನು ಹುಡುಕುವುದಿಲ್ಲ. ಜಿಂಕೆಯ ಕೂಗಿಗೆ, ಮುಸುವದ ಕೆಮ್ಮಿಗೆ ಕಿವಿಗೊಡುತ್ತಾನೆ. ಸಮುದ್ರದಲ್ಲಿ ಆ ಕೆಲಸವನ್ನು ಹಕ್ಕಿಗಳು ಮಾಡುತ್ತವೆ. ಬಾಲ ಯಾವಾಗ ಏಳುತ್ತದೋ ಎಂದು ಮೊಬೈಲು ಹಿಡಿದು ನಿಂತವರಿಗೆ ನಾಲ್ಕು ಗಂಟೆಯ ಪ್ರಯಾಣದಲ್ಲಿ ಸಿಗುವುದು ಹತ್ತು ನಿಮಿಷ. ಹಕ್ಕಿಗಳನ್ನು ನೋಡಲು ಕಲಿತವರಿಗೆ ನಾಲ್ಕು ಗಂಟೆಯೂ ಸಿಗುತ್ತದೆ, ತಿಮಿಂಗಿಲವೂ ಪಕ್ಕದವರಿಗಿಂತ ಮೊದಲೇ ಕಾಣುತ್ತದೆ. ಈ ಲೇಖನದಲ್ಲಿ ಹಕ್ಕಿಗಳಿಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಇಷ್ಟೊಂದು ಪ್ರಾಣಿಗಳು ಇಲ್ಲಿಗೇ ಏಕೆ ಬರುತ್ತವೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೊಲ್ಲಿಯ ನಟ್ಟನಡುವೆ ಮಾಸ್ ಲ್ಯಾಂಡಿಂಗ್ ಎಂಬ ಪುಟ್ಟ ಬಂದರು ಇದೆ. ಅದರ ಬಾಯಿಯಿಂದಲೇ ಕಡಲಡಿಯ ಕಮರಿಯೊಂದು ಶುರುವಾಗಿ, ದೂರ ಹೋದಂತೆ 3,600 ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ. ಬೇರೆಡೆ ದಿನಗಟ್ಟಲೆ ಪಯಣಿಸಿದರೆ ಸಿಗುವ ಆಳಸಮುದ್ರ ಇಲ್ಲಿ ಅರ್ಧ ಗಂಟೆಯ ದಾರಿ. ವಸಂತ ಮತ್ತು ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದಾಚೆಗೆ ತಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣನೆಯ ನೀರು, ತಳದ ಪೋಷಕಾಂಶಗಳನ್ನು ಹೊತ್ತುಕೊಂಡು, ಮೇಲೇರಿ ಬರುತ್ತದೆ. ಇದಕ್ಕೆ ಅಪ್‌ವೆಲಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಮೇಲುಕ್ಕು ಎನ್ನಬಹುದು. ಆ ಗೊಬ್ಬರಕ್ಕೆ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಪಾಚಿಯನ್ನು ತಿನ್ನಲು ಕ್ರಿಲ್ ಎಂಬ ಸಿಗಡಿಯಂಥ ಜೀವಿ ಬರುತ್ತದೆ, ಜೊತೆಗೆ ಆಂಚೊವಿ ಮೀನಿನ ಹಿಂಡು. ಆಂಚೊವಿ ಎಂದರೆ ಮಂಗಳೂರಿನವರ ಕೊಲ್ಲತರುವಿನ ಬಳಗ. ಈ ಊಟಕ್ಕೆ ಎಲೆ ಹಾಕಿದ ಮೇಲೆ ಉಳಿದ ನೆಂಟರೆಲ್ಲ ತಾವಾಗಿಯೇ ಬರುತ್ತಾರೆ. 1992ರಲ್ಲಿ ಈ ಕಡಲನ್ನು ರಾಷ್ಟ್ರೀಯ ಸಾಗರಧಾಮವೆಂದು ಘೋಷಿಸಲಾಯಿತು.

ಹಂತ 1: ತಿಂಗಳು ಆರಿಸಿ

ವರ್ಷದ ಯಾವ ತಿಂಗಳಿಗೂ ಇಲ್ಲಿ ಒಂದಲ್ಲ ಒಂದು ಜಾತಿಯ ತಿಮಿಂಗಿಲ ಇರುತ್ತದೆ. ನಿಮಗೆ ಯಾವುದು ಬೇಕು ಎಂಬುದರ ಮೇಲೆ ತಿಂಗಳು ನಿಂತಿದೆ.

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೂದು ತಿಮಿಂಗಿಲಗಳು ಆರ್ಕ್‌ಟಿಕ್ ಕಡೆಯಿಂದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಹಿನ್ನೀರುಗಳಿಗೆ, ಬಸಿರು ಬಾಣಂತನಕ್ಕೆಂದು, ದಡದ ಪಕ್ಕದಲ್ಲೇ ಈಜುತ್ತ ಹೋಗುತ್ತವೆ. ಮಾರ್ಚಿನಿಂದ ಮೇವರೆಗೆ ವಾಪಸು ಬರುತ್ತವೆ. ತಾಯಿ ಮರಿಗಳು ಎಲ್ಲರಿಗಿಂತ ಕೊನೆಗೆ, ಏಪ್ರಿಲ್ ಮೇ ತಿಂಗಳಲ್ಲಿ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಸಂಖ್ಯೆ ಇಳಿದಿದೆ: 2016ರ ಸುಮಾರಿಗೆ 27,000ದಷ್ಟಿದ್ದದ್ದು 2025ರ ಅಂದಾಜಿನಲ್ಲಿ 13,000ದ ಆಸುಪಾಸಿಗೆ ಬಂದಿದೆ.

ಏಪ್ರಿಲಿನಿಂದ ನವೆಂಬರಿನವರೆಗೆ ಹಂಪ್‌ಬ್ಯಾಕ್, ಅಂದರೆ ಗೂನುಬೆನ್ನಿನ ತಿಮಿಂಗಿಲ. ನೀರಿನಿಂದ ಮೇಲಕ್ಕೆ ಹಾರುವುದು, ಬಾಲ ಬಡಿಯುವುದು, ಚಿತ್ರಗಳಲ್ಲಿ ನೀವು ನೋಡಿರುವ ಆಟಗಳು ಬಹುಪಾಲು ಇದರವು. ಜುಲೈಯಿಂದ ಅಕ್ಟೋಬರಿನವರೆಗೆ ನೀಲಿ ತಿಮಿಂಗಿಲ ಬರುವ ಸಾಧ್ಯತೆ ಇದೆ. ಸಾಧ್ಯತೆ ಎಂಬ ಮಾತಿಗೆ ಗೆರೆ ಎಳೆದುಕೊಳ್ಳಿ. ಕ್ರಿಲ್ ಇದ್ದ ವರ್ಷ ಹಲವು ಸಿಗುತ್ತವೆ, ಇಲ್ಲದ ವರ್ಷ ತಿಂಗಳುಗಟ್ಟಲೆ ಒಂದೂ ಇಲ್ಲ.

ಓರ್ಕಾ ಎಂಬ ಕಪ್ಪುಬಿಳುಪಿನ ಬೇಟೆಗಾರ ವರ್ಷವಿಡೀ ಎಲ್ಲಾದರೂ ಸುಳಿಯುತ್ತಿರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ, ಬೂದು ತಿಮಿಂಗಿಲದ ತಾಯಿ ಮರಿಗಳು ಆಳವಾದ ಕಮರಿಯನ್ನು ದಾಟುವ ಹೊತ್ತಿಗೆ, ಹೊಂಚು ಹಾಕುತ್ತದೆ. ಆ ಬೇಟೆ ನೋಡುವಂಥದ್ದೇ, ಆದರೆ ಗಂಟೆಗಟ್ಟಲೆ ನಡೆಯುತ್ತದೆ, ನೀರು ಕೆಂಪಾಗುತ್ತದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಯೋಚಿಸಿಕೊಂಡಿರಬೇಕು.

ಹಕ್ಕಿಗಳ ಲೆಕ್ಕದಲ್ಲಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರೇ ತಿಂಗಳು. ಒಂದೇ ಸಲ ಹೋಗಲು ಸಾಧ್ಯ, ಯಾವಾಗ ಹೋಗಲಿ ಎಂದು ಕೇಳಿದರೆ ನಾನು ಸೆಪ್ಟೆಂಬರ್ ಎನ್ನುತ್ತೇನೆ. ಶಾಲೆ ಶುರುವಾಗಿರುತ್ತದೆ, ಬಂದರಿನಲ್ಲಿ ಜನ ಕಡಿಮೆ, ಕಡಲು ಸಾಮಾನ್ಯವಾಗಿ ಶಾಂತ.

ಹಂತ 2: ದೋಣಿ ಆರಿಸಿ

ಮಾಂಟೆರೇಯ ಹಳೆಯ ಮೀನುಗಾರರ ಧಕ್ಕೆಯಿಂದಲೂ ಮಾಸ್ ಲ್ಯಾಂಡಿಂಗಿನಿಂದಲೂ ದೋಣಿಗಳು ಹೊರಡುತ್ತವೆ. ಮಾಸ್ ಲ್ಯಾಂಡಿಂಗಿನಲ್ಲಿ ಬಂದರಿನ ಬಾಯಿಗೇ ಕಮರಿ ಇರುವುದರಿಂದ ಆಳಕ್ಕೆ ಬೇಗ ತಲುಪುತ್ತೀರಿ. ಮಾಂಟೆರೇಯಲ್ಲಿ ಊಟ, ಅಂಗಡಿ, ಅಕ್ವೇರಿಯಂ ಎಲ್ಲ ಕಾಲಳತೆಯಲ್ಲಿವೆ. ವಯಸ್ಸಾದವರಿದ್ದರೆ ಇದೂ ಮುಖ್ಯ.

ಕಾಯ್ದಿರಿಸುವ ಮುನ್ನ ಫೋನ್ ಮಾಡಿ ಈ ವಿಷಯಗಳನ್ನು ಕೇಳಿ. ದೋಣಿಯಲ್ಲಿ ನಿಸರ್ಗತಜ್ಞರು ಇರುತ್ತಾರೆಯೇ, ಅಥವಾ ಚಾಲಕನೇ ಧ್ವನಿವರ್ಧಕದಲ್ಲಿ ನಾಲ್ಕು ಮಾತು ಹೇಳಿ ಮುಗಿಸುತ್ತಾನೆಯೇ? ದೋಣಿ ಓಡಿಸುತ್ತ ತಿಮಿಂಗಿಲವನ್ನೂ ಹುಡುಕುತ್ತ ವಿವರಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಶೌಚಾಲಯ ಮತ್ತು ಒಳಗೆ ಕುಳಿತುಕೊಳ್ಳುವ ಜಾಗ ಇದೆಯೇ? ಎಷ್ಟು ವಯಸ್ಸಿನ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾರೆ? ಟಿಕೆಟ್ಟು ರದ್ದು ಮಾಡಿದರೆ ಏನು, ಅವರೇ ರದ್ದು ಮಾಡಿದರೆ ಏನು?

"ತಿಮಿಂಗಿಲ ಕಾಣದಿದ್ದರೆ ಮತ್ತೊಮ್ಮೆ ಉಚಿತ" ಎಂಬ ಭರವಸೆಯಲ್ಲಿ ಒಂದು ತೊಡಕಿದೆ. ಡಾಲ್ಫಿನ್ ಕಂಡರೂ ಕಂಡಂತೆಯೇ ಎಂಬ ಷರತ್ತು ಸಣ್ಣಕ್ಷರದಲ್ಲಿ ಇರಬಹುದು, ಓದಿ. ಆ ಉಚಿತ ಟಿಕೆಟ್ಟು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ನಡೆಯುತ್ತದೆಯೇ ಎಂಬುದನ್ನೂ ನೋಡಿ. ಮುಂದಿನ ವಾರ ಬೆಂಗಳೂರಿನ ವಿಮಾನ ಹತ್ತುವ ಅಪ್ಪ ಅಮ್ಮನಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ.

ಗಾಳಿ ತುಂಬಿದ ರಬ್ಬರ್ ದೋಣಿಗಳೂ ಇವೆ. ವೇಗ ಹೆಚ್ಚು, ನೀರಿಗೆ ಹತ್ತಿರ, ಕುಲುಕಾಟ ಬಹಳ. ಬೆನ್ನುನೋವಿನವರು, ಗರ್ಭಿಣಿಯರು, ಅರವತ್ತು ದಾಟಿದವರು ಇವುಗಳ ಸಹವಾಸಕ್ಕೆ ಹೋಗಬಾರದು. ಎರಡು ಅಂತಸ್ತಿನ ದೊಡ್ಡ ದೋಣಿಯಲ್ಲಿ ಮೂರು ನಾಲ್ಕು ಗಂಟೆಯ ಪ್ರಯಾಣ ಮೊದಲ ಸಲಕ್ಕೆ ಸರಿಯಾದ ಅಳತೆ.

ಹಕ್ಕಿಪ್ರಿಯರಿಗೆಂದೇ ಪೆಲಾಜಿಕ್ ಪ್ರಯಾಣಗಳಿವೆ. ಪೆಲಾಜಿಕ್ ಎಂದರೆ ದಡ ಬಿಟ್ಟು ತೆರೆದ ಕಡಲಿನದು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಹೆಚ್ಚು. ಹೆಚ್ಚುಕಡಿಮೆ ಇಡೀ ಹಗಲು ಹಿಡಿಯುತ್ತದೆ, ದೋಣಿಯ ಒಂದೊಂದು ಮೂಲೆಗೂ ಒಬ್ಬೊಬ್ಬ ಹಕ್ಕಿ ಬಲ್ಲವರು ನಿಂತಿರುತ್ತಾರೆ. ತಿಮಿಂಗಿಲ ಸಿಕ್ಕರೆ ನಿಲ್ಲಿಸುತ್ತಾರೆ, ಆದರೆ ಅಪರೂಪದ ಹಕ್ಕಿ ಅತ್ತ ಹೋಯಿತೆಂದರೆ ತಿಮಿಂಗಿಲವನ್ನು ಬಿಟ್ಟು ಹೊರಡುತ್ತಾರೆ! ಎರಡನೆಯ ಅಥವಾ ಮೂರನೆಯ ಸಲಕ್ಕೆ ಇದನ್ನು ಇಟ್ಟುಕೊಳ್ಳಿ.

ಹಂತ 3: ಅಲೆಯ ಲೆಕ್ಕ ಓದಲು ಕಲಿಯಿರಿ

ಮೊಬೈಲಿನಲ್ಲಿ ಸೂರ್ಯನ ಚಿತ್ರ ನೋಡಿ ಹವೆ ಚೆನ್ನಾಗಿದೆ ಎಂದು ಹೊರಡುವುದು ಎಲ್ಲರೂ ಮಾಡುವ ತಪ್ಪು. ಬಿಸಿಲಿಗೂ ಕಡಲಿಗೂ ಸಂಬಂಧವಿಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಕಡಲ ಮುನ್ಸೂಚನೆ ಬೇರೆಯೇ ಇರುತ್ತದೆ. ಮಾಂಟೆರೇಯಿಂದ ಸುಮಾರು 50 ಕಿ.ಮೀ. ಪಶ್ಚಿಮಕ್ಕೆ ಲಂಗರು ಹಾಕಿ ನಿಲ್ಲಿಸಿರುವ, 46042 ಸಂಖ್ಯೆಯ ತೇಲುವ ಅಳತೆಯಂತ್ರದ ಈ ಹೊತ್ತಿನ ಅಂಕಿಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ನೋಡಬೇಕಾದ ಅಂಕಿ ಮೂರು.

ಒಂದು, ಅಲೆಯ ಎತ್ತರ, ಅಡಿಗಳಲ್ಲಿ. ಎರಡು, ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸಮಯ, ಸೆಕೆಂಡುಗಳಲ್ಲಿ. ಮೂರು, ಗಾಳಿಯ ವೇಗ, ನಾಟ್‌ಗಳಲ್ಲಿ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಹೆಚ್ಚಿನವರು ಎತ್ತರ ಮಾತ್ರ ನೋಡುತ್ತಾರೆ, ಹೊಟ್ಟೆ ಕೆಡಿಸುವುದು ಎರಡನೆಯ ಅಂಕಿ. ಆರಡಿಯ ಅಲೆ ಹದಿನಾಲ್ಕು ಸೆಕೆಂಡಿಗೊಮ್ಮೆ ಬಂದರೆ ದೋಣಿ ತೊಟ್ಟಿಲಿನಂತೆ ನಿಧಾನವಾಗಿ ಏರಿ ಇಳಿಯುತ್ತದೆ. ಅದೇ ಆರಡಿ ಏಳು ಸೆಕೆಂಡಿಗೊಮ್ಮೆ ಬಂದರೆ ಮಳೆಗಾಲದ ಶಿರಾಡಿ ಘಾಟಿಯಲ್ಲಿ ಬಸ್ಸಿನ ಕೊನೆಯ ಸೀಟು. ಸೆಕೆಂಡಿನ ಅಂಕಿ ಅಡಿಯ ಅಂಕಿಗಿಂತ ಎರಡು ಪಟ್ಟಾದರೂ ಇರಲಿ ಎಂಬುದು ಸುಲಭದ ಸೂತ್ರ. ಗಾಳಿ 10 ನಾಟ್‌ಗಿಂತ ಕಡಿಮೆಯಿದ್ದರೆ ಚೆನ್ನ. 15 ದಾಟಿದರೆ ನೀರಿನ ಮೇಲೆಲ್ಲ ಬಿಳಿ ನೊರೆ ಏಳುತ್ತದೆ, ದೂರದ ತಿಮಿಂಗಿಲದ ಉಸಿರೂ ಆ ಬಿಳಿಯಲ್ಲಿ ಕಳೆದುಹೋಗುತ್ತದೆ.

ಬೇಸಿಗೆಯಲ್ಲಿ ಮಧ್ಯಾಹ್ನ ಗಾಳಿ ಏಳುತ್ತದೆ. ಹಾಗಾಗಿ ಬೆಳಗಿನ ಮೊದಲ ದೋಣಿ ಹಿಡಿಯಿರಿ. ಬೆಳಗಿನ ಮಂಜಿಗೆ ಹೆದರಬೇಡಿ, ಮಂಜಿದ್ದಾಗ ನೀರು ಹೆಚ್ಚಾಗಿ ಸಮತಟ್ಟಾಗಿರುತ್ತದೆ.

ಸ್ಯಾನ್ ಹೋಸೆಯಿಂದ ಮಾಂಟೆರೇಗೆ ಸುಮಾರು 115 ಕಿ.ಮೀ. ಶನಿವಾರ, ಭಾನುವಾರ 156ನೆಯ ಹೆದ್ದಾರಿಯಲ್ಲಿ ವಾಹನಗಳು ಸಾಲುಗಟ್ಟುತ್ತವೆ, ಧಕ್ಕೆಯ ಪಾರ್ಕಿಂಗ್ ತುಂಬಿಹೋಗುತ್ತದೆ. ಒಂಬತ್ತರ ದೋಣಿಗೆ ಆರೂವರೆಗೆ ಮನೆ ಬಿಡಿ. ದೋಣಿ ಯಾರಿಗಾಗಿಯೂ ಕಾಯುವುದಿಲ್ಲ.

ಹಂತ 4: ಹೊಟ್ಟೆಯನ್ನು ಸಿದ್ಧ ಮಾಡಿ

ಏನೂ ತಿನ್ನದೆ ಹೋದರೆ ವಾಂತಿಯಾಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಖಾಲಿ ಹೊಟ್ಟೆಯ ವಾಕರಿಕೆ ಇನ್ನೂ ಕೆಟ್ಟದ್ದು. ಹೊರಡುವ ಎರಡು ಗಂಟೆ ಮೊದಲು ಎರಡು ಇಡ್ಲಿಯೋ ಒಂದು ಬಟ್ಟಲು ಅವಲಕ್ಕಿಯೋ ತಿನ್ನಿ. ಪೂರಿ ಸಾಗು, ಎಣ್ಣೆಯ ದೋಸೆ, ಎರಡನೆಯ ಲೋಟ ಕಾಫಿ ಬೇಡ. ದೋಣಿಯಲ್ಲಿ ಮೆಲ್ಲಲು ಕೋಡುಬಳೆ, ನಿಪ್ಪಟ್ಟು, ಒಣ ಬಿಸ್ಕತ್ತು ಇರಲಿ. ಶುಂಠಿಯ ಪೆಪ್ಪರಮೆಂಟು ಕೆಲವರಿಗೆ ಹಿತ ಕೊಡುತ್ತದೆ. ಮೊಸರನ್ನದ ಡಬ್ಬಿ ಕಾರಿನಲ್ಲೇ ಇರಲಿ, ದಡಕ್ಕೆ ಬಂದ ಮೇಲೆ ಅದರ ರುಚಿಯೇ ಬೇರೆ.

ಮಾತ್ರೆಯನ್ನು ವಾಕರಿಕೆ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ದೋಣಿ ಹೊರಡುವ ಒಂದು ಗಂಟೆ ಮೊದಲೇ ಒಳಗೆ ಹೋಗಿರಬೇಕು. ಇಲ್ಲಿನ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದು ಮೆಕ್ಲಿಜಿನ್ ಮತ್ತು ಡೈಮೆನ್‌ಹೈಡ್ರಿನೇಟ್. ಮೊದಲನೆಯದರಲ್ಲಿ ತೂಕಡಿಕೆ ಸ್ವಲ್ಪ ಕಡಿಮೆ. ಊರಿನಿಂದ ಬಂದವರ ಚೀಲದಲ್ಲಿ ಅವೊಮಿನ್ ಅಥವಾ ಸ್ಟುಜೆರಾನ್ ಇದ್ದೇ ಇರುತ್ತದೆ. ಸ್ಟುಜೆರಾನ್‌ನಲ್ಲಿರುವ ಸಿನರಿಜಿನ್ ಅಮೆರಿಕದಲ್ಲಿ ಮಾರಾಟಕ್ಕಿಲ್ಲ, ಆದ್ದರಿಂದ ಅದೇ ಒಗ್ಗಿದವರು ಅಲ್ಲಿಂದಲೇ ತರಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಗೆ ವೈದ್ಯರ ಚೀಟಿ ಬೇಕು, ಕನಿಷ್ಠ ನಾಲ್ಕು ಗಂಟೆ ಮೊದಲು ಅಂಟಿಸಬೇಕು. ಇವುಗಳಲ್ಲಿ ಯಾವುದನ್ನಾದರೂ ಹಿರಿಯರಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಿ. ಗ್ಲಾಕೋಮಾ ಇದ್ದವರಿಗೆ, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಇವು ಆಗಿಬರದಿರಬಹುದು, ವಯಸ್ಸಾದವರಲ್ಲಿ ಮಂಪರು, ಗೊಂದಲ ಉಂಟುಮಾಡಬಹುದು. ಎರಡು ಬೇರೆ ಮಾತ್ರೆಗಳನ್ನು ಒಟ್ಟಿಗೆ ಕೊಡಬೇಡಿ. ಹಿಂದಿನ ವಾರಾಂತ್ಯ ಮನೆಯಲ್ಲೇ ಒಮ್ಮೆ ನುಂಗಿ ನಿದ್ದೆ ಎಷ್ಟು ಎಳೆಯುತ್ತದೆ ನೋಡಿಕೊಳ್ಳುವುದು ಜಾಣತನ.

ದೋಣಿಯ ಮೂತಿಯಲ್ಲಿ ಏರಿಳಿತ ಅತಿ ಹೆಚ್ಚು, ನಡುವಿನಿಂದ ಹಿಂದಕ್ಕೆ ಕಡಿಮೆ. ಹೊಟ್ಟೆಯ ಬಗ್ಗೆ ಅನುಮಾನವಿದ್ದವರು ಹಿಂಭಾಗದಲ್ಲಿ, ತೆರೆದ ಗಾಳಿಯಲ್ಲಿ, ದಿಗಂತದ ಗೆರೆ ನೋಡುತ್ತ ನಿಲ್ಲಲಿ. ಒಳಗೆ ಹೋಗಿ ಕುಳಿತುಕೊಳ್ಳುವುದು, ಮೊಬೈಲಿನಲ್ಲಿ ಫೋಟೋ ತಿರುವಿ ನೋಡುವುದು, ಇವೆರಡೂ ವಾಂತಿಗೆ ಕೊಟ್ಟ ಆಹ್ವಾನ. ಬಂದೇಬಿಟ್ಟರೆ ಶೌಚಾಲಯಕ್ಕೆ ಓಡಬೇಡಿ, ಹಿಂಬದಿಯ ಕಟಕಟೆಯ ಬಳಿಗೆ, ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆಗೆ ಹೋಗಿ. ನಾಚಿಕೆಪಡುವಂಥದ್ದು ಏನಿಲ್ಲ. ನನ್ನ ಮೊದಲ ಪ್ರಯಾಣದ ಎರಡನೆಯ ಗಂಟೆಯನ್ನು ನಾನು ಅಲ್ಲಿಯೇ ಕಳೆದೆ; ನೋಡಿದ್ದು ಒಂದು ಗಲ್ ಹಕ್ಕಿಯನ್ನು, ಅದೂ ಆಸೆಯಿಂದ ನನ್ನನ್ನೇ ನೋಡುತ್ತಿತ್ತು.

ಹಂತ 5: ಚೀಲ ಕಟ್ಟಿ

ಆಗಸ್ಟಿನಲ್ಲಿ ಸ್ಯಾನ್ ಹೋಸೆಯಲ್ಲಿ 32 ಡಿಗ್ರಿ ಇದ್ದ ದಿನ ಕಡಲ ಮೇಲೆ 13 ಇರಬಹುದು, ಜೊತೆಗೆ ಗಾಳಿ. ತೆಳು ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿ, ಮೇಲೆ ಗಾಳಿ ತಡೆಯುವ ಜಾಕೆಟ್ಟು, ಕಿವಿ ಮುಚ್ಚುವ ಟೋಪಿ. ಸೀರೆ ಉಡುವ ಅಮ್ಮಂದಿರಿಗೆ ಒಂದು ದಿನದ ಮಟ್ಟಿಗೆ ಪ್ಯಾಂಟು ಅಥವಾ ಸಲ್ವಾರ್ ಹಾಕಿಕೊಳ್ಳಲು ಒಪ್ಪಿಸಿ, ಒದ್ದೆ ಮೆಟ್ಟಿಲಿನ ಮೇಲೆ ನೆರಿಗೆ ಅಪಾಯ. ಚಪ್ಪಲಿ ಬೇಡ, ರಬ್ಬರಿನ ಅಡಿಯ ಬೂಟು ಬೇಕು.

ದುರ್ಬೀನಿನ ಮೇಲೆ 8×42 ಎಂದೋ 10×42 ಎಂದೋ ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ದೊಡ್ಡ ಅಂಕಿ ಒಳ್ಳೆಯದೆಂದು 12 ಪಟ್ಟಿನದು ತರಬೇಡಿ. ಅಲ್ಲಾಡುವ ದೋಣಿಯಲ್ಲಿ ಕೈಯ ನಡುಕವೂ 12 ಪಟ್ಟಾಗುತ್ತದೆ. ದೋಣಿಗೆ 8 ಸಾಕು. ಕ್ಯಾಮೆರಾ ಇದ್ದರೆ ಷಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನವಾಗದಿರಲಿ.

ಹಂತ 6: ಗಡಿಯಾರದ ಭಾಷೆ ಕಲಿಯಿರಿ

ನಿಸರ್ಗತಜ್ಞರು ಧ್ವನಿವರ್ಧಕದಲ್ಲಿ "ಎರಡು ಗಂಟೆಗೆ, ಅರ್ಧ ಮೈಲಿ" ಎಂದು ಕೂಗಿದರೆ ಕೈಗಡಿಯಾರ ನೋಡಿಕೊಳ್ಳಬೇಡಿ. ದೋಣಿಯೇ ಗಡಿಯಾರ. ಮೂತಿ ಹನ್ನೆರಡು, ಹಿಂಭಾಗ ಆರು, ಬಲಗಡೆ ಮೂರು, ಎಡಗಡೆ ಒಂಬತ್ತು. ನೀವು ಯಾವ ಕಡೆ ಮುಖ ಮಾಡಿ ನಿಂತಿದ್ದರೂ ಹನ್ನೆರಡು ಮೂತಿಯೇ. ಈ ಒಂದು ವಿಷಯ ಗೊತ್ತಿಲ್ಲದೆ ಅರ್ಧ ದೋಣಿ ತಪ್ಪು ದಿಕ್ಕಿಗೆ ನೋಡುತ್ತಿರುತ್ತದೆ. ಅಪ್ಪ ಅಮ್ಮನಿಗೆ ಕಾರಿನಲ್ಲೇ ಹೇಳಿಕೊಡಿ, ಮಕ್ಕಳಿಗಂತೂ ಇದು ಆಟ.

ಒಂದು ಮಾತು: ಸುದ್ದಿ ಬಂದ ಕೂಡಲೇ ಆ ಬದಿಗೆ ಓಡಬೇಡಿ. ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ.

ಹಂತ 7: ಹಕ್ಕಿಗಳನ್ನು ಓದಿ

ಬಂದರಿನಲ್ಲಿ ನೋಡುವುದೆಲ್ಲ ಪರಿಚಯದ ಮುಖಗಳೇ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯ (ಪೆಲಿಕನ್) ಕಂದು ಸೋದರ, ಬಂಡೆಯ ಮೇಲೆ ರೆಕ್ಕೆ ಹರಡಿದ ನೀರುಕಾಗೆ, ರೀವಗಳು (ಟರ್ನ್). ಮಾಸ್ ಲ್ಯಾಂಡಿಂಗಿನಲ್ಲಾದರೆ ಬೆನ್ನಡಿಯಾಗಿ ತೇಲುತ್ತ ಎದೆಯ ಮೇಲೆ ಚಿಪ್ಪು ಒಡೆಯುವ ಕಡಲ ನೀರುನಾಯಿಯೂ ಸಿಗುತ್ತದೆ. ಇಲ್ಲಿಯೇ ದುರ್ಬೀನು ಹೊಂದಿಸಿಕೊಳ್ಳಿ.

ದಡ ಹಿಂದಾದ ಮೇಲೆ ಬರುವ ಮಸಿ ಬಣ್ಣದ, ಉದ್ದ ರೆಕ್ಕೆಯ ಹಕ್ಕಿ ಸೂಟಿ ಶಿಯರ್‌ವಾಟರ್. ನಾಲ್ಕು ಸಲ ಬಿರುಸಾಗಿ ರೆಕ್ಕೆ ಬಡಿದು, ಮತ್ತೆ ರೆಕ್ಕೆ ಸೆಟೆದುಕೊಂಡು, ಅಲೆಯ ಮೈ ಸವರುತ್ತ ತುದಿಯಿಂದ ನೀರು ಕೊಯ್ಯುವಂತೆ ಜಾರುತ್ತದೆ. ನ್ಯೂಜಿಲೆಂಡಿನ, ಚಿಲಿಯ ದ್ವೀಪಗಳಲ್ಲಿ ಗೂಡು ಕಟ್ಟಿ, ಅಲ್ಲಿನ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತದೆ. ಮೈಗೆ ಪುಟ್ಟ ಯಂತ್ರ ಕಟ್ಟಿ ನೋಡಿದಾಗ ನ್ಯೂಜಿಲೆಂಡಿನ ಹಕ್ಕಿಗಳು ವರ್ಷಕ್ಕೆ ಸುಮಾರು 64,000 ಕಿ.ಮೀ. ಸುತ್ತುವುದು ಗೊತ್ತಾಯಿತು. ಬೇಸಿಗೆಯ ಕೊಲ್ಲಿಯಲ್ಲಿ ಇವು ಲಕ್ಷಗಟ್ಟಲೆ ಸೇರುತ್ತವೆ, ದಿಗಂತದ ಮೇಲೆ ಹೊಗೆ ಹರಿದಂತೆ ಕಾಣುತ್ತವೆ. 1961ರ ಆಗಸ್ಟ್ 18ರ ನಸುಕಿನಲ್ಲಿ ಕೊಲ್ಲಿಯ ಉತ್ತರದ ಕ್ಯಾಪಿಟೋಲಾ ಊರಿನ ಮನೆಗಳಿಗೆ ಸಾವಿರಾರು ಸೂಟಿಗಳು ದಿಕ್ಕುಗೆಟ್ಟು ಬಂದು ಅಪ್ಪಳಿಸಿದ್ದವು. ಪಾಚಿಯಲ್ಲಿ ಹುಟ್ಟಿ ಮೀನಿನ ಮೂಲಕ ಹೊಟ್ಟೆ ಸೇರುವ ಡೊಮೊಯಿಕ್ ಆಮ್ಲವೆಂಬ ನಂಜು ಅದಕ್ಕೆ ಕಾರಣವಾಗಿರಬೇಕೆಂದು ವಿಜ್ಞಾನಿಗಳು ಆಮೇಲೆ ಕಂಡುಕೊಂಡರು.

ಈಗ ಓದುವ ಕ್ರಮ. ಶಿಯರ್‌ವಾಟರ್‌ಗಳು ಒಂದೇ ದಿಕ್ಕಿಗೆ ಸಾಲಾಗಿ ಹೋಗುತ್ತಿದ್ದರೆ ಅವು ಪ್ರಯಾಣದಲ್ಲಿವೆ, ಅಲ್ಲಿ ಊಟವಿಲ್ಲ. ನೀರಿನ ಮೇಲೆ ಗುಂಪಾಗಿ ಸುಮ್ಮನೆ ತೇಲುತ್ತಿದ್ದರೆ ಉಂಡಾಗಿದೆ, ಅಥವಾ ಮೀನು ಆಳಕ್ಕೆ ಇಳಿದಿದೆ. ಗುಂಪು ಒಂದೇ ಜಾಗದಲ್ಲಿ ಸುತ್ತುತ್ತಿದ್ದು, ಹೆಜ್ಜಾರ್ಲೆಗಳು ಮೇಲಿನಿಂದ ಕಲ್ಲಿನಂತೆ ಬೀಳುತ್ತಿದ್ದು, ಕಡಲ ಸಿಂಹಗಳು ನೀರನ್ನು ಕುದಿಸುತ್ತಿದ್ದರೆ ಕೆಳಗೆ ಆಂಚೊವಿಯ ದೊಡ್ಡ ಹಿಂಡಿದೆ. ಅಲ್ಲಿಂದ ಕಣ್ಣು ಕೀಳಬೇಡಿ. ಒಂದು ಕ್ಷಣದಲ್ಲಿ ಹಕ್ಕಿಗಳೆಲ್ಲ ದಿಢೀರನೆ ಎದ್ದು ಚದುರುತ್ತವೆ. ಏಕೆಂದರೆ ಅವುಗಳ ಕೆಳಗಿನಿಂದ ಹಂಪ್‌ಬ್ಯಾಕ್ ಬಾಯಿ ತೆರೆದುಕೊಂಡು ಮೇಲೇರಿ ಬರುತ್ತಿದೆ. ಮೇಲೆದ್ದ ಬಾಯಿ ಎಲ್ಲರಿಗೂ ಕಾಣುತ್ತದೆ. ಹಕ್ಕಿ ಎದ್ದದ್ದನ್ನು ನೋಡಿದವರಿಗೆ ಅದರ ಹಿಂದಿನ ಎರಡು ಸೆಕೆಂಡೂ ಸಿಗುತ್ತದೆ. ಒಳ್ಳೆಯ ಫೋಟೋಗಳು ಬರುವುದು ಆ ಎರಡು ಸೆಕೆಂಡಿನಲ್ಲಿ ಸಿದ್ಧರಾದವರಿಗೆ.

ಮೀನಿನ ಬದಲು ಕ್ರಿಲ್ ಇದ್ದರೆ ಗದ್ದಲ ಇರುವುದಿಲ್ಲ. ಅಲ್ಲಿ ಹುಡುಕಬೇಕಾದದ್ದು ಕ್ಯಾಸಿನ್ಸ್ ಆಕ್‌ಲೆಟ್ ಎಂಬ, ಮುಷ್ಟಿಗಾತ್ರದ ಬೂದು ಹಕ್ಕಿ. ಅದರ ಊಟವೂ ಕ್ರಿಲ್, ನೀಲಿ ತಿಮಿಂಗಿಲದ ಊಟವೂ ಕ್ರಿಲ್. ಎರಡು ನೀರು ಕೂಡುವ ನೊರೆಗೆರೆಯ ಮೇಲೆ ಬುಗುರಿಯಂತೆ ತಿರುಗುತ್ತ ತಿನ್ನುವ ಪುಟ್ಟ ಹಕ್ಕಿ ಫ್ಯಾಲರೋಪ್. ಅದರ ಒಂದು ಜಾತಿ, ಕೆಂಗೊರಳಿನದು, ಚಳಿಗಾಲದಲ್ಲಿ ನಮ್ಮ ಅರಬ್ಬಿ ಸಮುದ್ರದಲ್ಲೂ ಇರುತ್ತದೆ.

ಇನ್ನು ಆಲ್ಬಟ್ರಾಸ್. ಇಲ್ಲಿ ಸಿಗುವುದು ಕಪ್ಪುಪಾದದ ಜಾತಿ, ರೆಕ್ಕೆಯ ಹರವು ಎರಡು ಮೀಟರಿಗೂ ಮಿಗಿಲು. ಹವಾಯಿ ದ್ವೀಪಸಾಲಿನಲ್ಲಿ ಗೂಡು. ಅಲ್ಲಿ ಮರಿಯನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಕಡಲಿನವರೆಗೆ ಬಂದು ಆಹಾರ ಹೊತ್ತು ಹಿಂದಿರುಗುವ ತಂದೆ ತಾಯಿಗಳೂ ಇವೆ. ಅದು ರೆಕ್ಕೆ ಬಡಿಯುವುದನ್ನು ನೋಡಲು ಕಾಯಬೇಡಿ, ಹತ್ತು ನಿಮಿಷವಾದರೂ ಬಡಿಯದಿರಬಹುದು. ಆಲ್ಬಟ್ರಾಸ್, ಶಿಯರ್‌ವಾಟರ್‌ಗಳ ಕೊಕ್ಕಿನ ಮೇಲೆ ನಳಿಕೆಯಂಥ ಮೂಗಿರುತ್ತದೆ. ಉಪ್ಪುನೀರು ಕುಡಿದು ಹೆಚ್ಚಾದ ಉಪ್ಪನ್ನು ಅಲ್ಲಿಂದ ಹೊರಹಾಕುತ್ತವೆ. ಇವುಗಳ ವಾಸನಾಶಕ್ತಿಯೂ ಚುರುಕು. ಕ್ರಿಲ್ ಪಾಚಿಯನ್ನು ಮೇಯುವಾಗ ಗಂಧಕದ ವಾಸನೆಯ ಅನಿಲವೊಂದು ಹೊರಬೀಳುತ್ತದೆ, ಈ ಕುಲದ ಹಲವು ಹಕ್ಕಿಗಳು ಅದರ ಜಾಡು ಹಿಡಿದು ಬರುತ್ತವೆ.

ಶರತ್ಕಾಲದಲ್ಲಿ ಆಶಿ ಸ್ಟಾರ್ಮ್ ಪೆಟ್ರೆಲ್ ಎಂಬ, ಬಾವಲಿಯಂತೆ ತಡವರಿಸಿ ಹಾರುವ ಬೂದು ಹಕ್ಕಿಗಳು ಕಮರಿಯ ಮೇಲೆ ಗುಂಪುಗೂಡುತ್ತವೆ. ದೂರದ ಊರುಗಳಿಂದ ಹಕ್ಕಿಪ್ರಿಯರು ಬರುವುದು ಇದಕ್ಕೇ. ರೀವವನ್ನು ಅಟ್ಟಿಸಿಕೊಂಡು ಹೋಗಿ ಬಾಯಲ್ಲಿರುವ ಮೀನನ್ನು ಕಕ್ಕಿಸುವ ಕಂದು ದರೋಡೆಕೋರ ಕಂಡರೆ, ಅದು ಯೇಗರ್.

ಗಲ್ ಹಕ್ಕಿಗಳ ಹಿಂದೆ ಮಾತ್ರ ಹೋಗಬೇಡಿ. ಮೀನುದೋಣಿಯ ಕಸಕ್ಕೂ ಅವು ಅಷ್ಟೇ ಸಡಗರದಿಂದ ಸೇರುತ್ತವೆ. ನಿಪ್ಪಟ್ಟು ಎಸೆದು ಕರೆಯುವುದಂತೂ ಕೂಡದು.

ಹಂತ 8: ಉಸಿರು ನೋಡಿ ಹೆಸರು ಹೇಳಿ

ತಿಮಿಂಗಿಲದ ತಲೆಯಿಂದ ಚಿಮ್ಮುವುದು ನೀರಿನ ಕಾರಂಜಿಯಲ್ಲ, ಅದು ಉಸಿರು. ಶ್ವಾಸಕೋಶದ ಬಿಸಿ ಗಾಳಿ ರಭಸವಾಗಿ ಹೊರಬಂದು ಆವಿ, ಹನಿಗಳಾಗಿ ಕಾಣುತ್ತದೆ. ಗಿಡ್ಡಗೆ, ಪೊದೆಯಂತೆ, ಮೂರು ಮೀಟರಿನಷ್ಟು ಎದ್ದರೆ ಹಂಪ್‌ಬ್ಯಾಕ್. ಎದುರಿನಿಂದ ನೋಡಿದಾಗ ಹೃದಯದ ಆಕಾರದಲ್ಲಿ ಎರಡಾಗಿ ಬಿಚ್ಚಿಕೊಂಡರೆ ಬೂದು ತಿಮಿಂಗಿಲ. ಗರುಡಗಂಬದಂತೆ ನೆಟ್ಟಗೆ ಒಂಬತ್ತು ಮೀಟರು ಏರಿದರೆ ನೀಲಿ. ಅದರ ಹಿಂದೆ ಮುಗಿಯದ ಬೆನ್ನು, ಎಲ್ಲೋ ಕೊನೆಯಲ್ಲಿ ಬೆರಳಷ್ಟು ಕಾಣುವ ರೆಕ್ಕೆ. ಹಂಪ್‌ಬ್ಯಾಕಿನ ಉಸಿರು ಗಾಳಿಯಲ್ಲಿ ನಿಮ್ಮ ಕಡೆಗೆ ಬಂದರೆ ಹೆಸರನ್ನು ಮೂಗೇ ಹೇಳುತ್ತದೆ. ಮಲ್ಪೆ ಬಂದರಿನಲ್ಲಿ ಮಧ್ಯಾಹ್ನ ನಿಂತವರಿಗೆ ಆ ವಾಸನೆ ವಿವರಿಸಬೇಕಾಗಿಲ್ಲ.

ಹಂಪ್‌ಬ್ಯಾಕ್ ಮೂರು ನಾಲ್ಕು ಸಲ ಉಸಿರಾಡಿ, ಬೆನ್ನನ್ನು ಎತ್ತರಕ್ಕೆ ಬಾಗಿಸಿ, ಬಾಲವೆತ್ತಿ ಆಳಕ್ಕೆ ಇಳಿಯುತ್ತದೆ. ಬೆನ್ನು ಬಾಗಿದ್ದೇ ಕ್ಯಾಮೆರಾ ಎತ್ತುವ ಸಮಯ. ಬಾಲ ಕಂಡ ಮೇಲೆ ಎತ್ತಿದರೆ ನೀರಿನ ಚಿತ್ರ ಸಿಗುತ್ತದೆ. ಇಳಿದ ಜಾಗದಲ್ಲಿ ಎಣ್ಣೆ ಚೆಲ್ಲಿದಂತೆ ನುಣುಪಾದ ವೃತ್ತ ಉಳಿಯುತ್ತದೆ, ಬಾಲದ ಹೊಡೆತಕ್ಕೆ ಮೇಲುಕ್ಕಿದ ನೀರು ಅದು. ಐದರಿಂದ ಹತ್ತು ನಿಮಿಷ ಎಣಿಸಿ. ನೀಲಿ ತಿಮಿಂಗಿಲಕ್ಕಾದರೆ ಹತ್ತರ ಮೇಲೆಯೇ ಎಣಿಸಬೇಕು. ಈ ಕಾಯುವ ಹೊತ್ತಿನಲ್ಲಿ ಬೇಸರಗೊಂಡು ಒಳಗೆ ಚಹಾಕ್ಕೆ ಹೋದವರೇ ಆಮೇಲೆ ಏನೂ ಕಾಣಲಿಲ್ಲ ಎಂದು ದೂರುವುದು.

ದೋಣಿ ಇನ್ನೂ ಹತ್ತಿರ ಏಕೆ ಹೋಗುವುದಿಲ್ಲ ಎಂದು ಚಾಲಕನನ್ನು ಪೀಡಿಸಬೇಡಿ. ಕಡಲ ಸಸ್ತನಿಗಳಿಗೆ ತೊಂದರೆ ಕೊಡುವುದನ್ನು 1972ರ ಕಾಯಿದೆ ತಡೆಯುತ್ತದೆ. ನೂರು ಗಜ, ಅಂದರೆ ಸುಮಾರು 91 ಮೀಟರು ದೂರ ಉಳಿಯಬೇಕೆಂಬುದು ಪಾಲನೆಯಲ್ಲಿರುವ ಅಂತರ. ತಿಮಿಂಗಿಲ ತಾನಾಗಿಯೇ ದೋಣಿಯ ಬಳಿ ಬಂದರೆ ಎಂಜಿನ್ನಿನ ಗೇರು ತೆಗೆದು ಸುಮ್ಮನೆ ನಿಲ್ಲುತ್ತಾರೆ. ಆಗ ಕೂಗಾಡಬೇಡಿ, ಉಸಿರಿನ ಸದ್ದು ಕೇಳಲಿ. ಇದೇ ಮಾಸ್ ಲ್ಯಾಂಡಿಂಗಿನಲ್ಲಿ 1919ರಲ್ಲಿ ತಿಮಿಂಗಿಲಗಳನ್ನು ದಡಕ್ಕೆಳೆದು ಎಣ್ಣೆ ತೆಗೆಯುವ ಕಾರ್ಖಾನೆ ಶುರುವಾಗಿ ಕೆಲವು ವರ್ಷ ನಡೆದಿತ್ತು. ಮಾಂಟೆರೇಯ ಹಳೆಯ ತಿಮಿಂಗಿಲ ಬೇಟೆಯ ಮನೆಯ ಮುಂದೆ ಅವುಗಳ ಬೆನ್ನುಮೂಳೆ ಹಾಸಿದ ಕಾಲುದಾರಿ ಈಗಲೂ ಇದೆ, ಸಮಯವಿದ್ದರೆ ನೋಡಿ ಬನ್ನಿ.

ಹಂತ 9: ದಡಕ್ಕೆ ಬಂದ ಮೇಲೆ

ಇಳಿಯುವಾಗ ಸಿಬ್ಬಂದಿಗೆ ಟಿಪ್ಸ್ ಕೊಡುವುದು ಇಲ್ಲಿನ ರೂಢಿ. ನಿಸರ್ಗತಜ್ಞರ ಬಳಿ ಆ ದಿನ ಕಂಡ ಜಾತಿಗಳ ಪಟ್ಟಿ ಇರುತ್ತದೆ, ಕೇಳಿ ಬರೆದುಕೊಳ್ಳಿ. ಮನೆ ತಲುಪುವ ಹೊತ್ತಿಗೆ ಹೆಸರುಗಳೆಲ್ಲ ಕಲಸಿಹೋಗಿರುತ್ತವೆ.

ಹಂಪ್‌ಬ್ಯಾಕ್ ಬಾಲದ ಕೆಳಮೈಯ ಕಪ್ಪುಬಿಳುಪು ಗುರುತುಗಳು ನಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ, ಒಂದರದು ಇನ್ನೊಂದಕ್ಕಿಲ್ಲ. ಆ ಕೆಳಮೈಯ ಚಿತ್ರ ಸಿಕ್ಕಿದ್ದರೆ ಹ್ಯಾಪಿವೇಲ್ ಎಂಬ ಜಾಲತಾಣಕ್ಕೆ ದಿನಾಂಕ, ಜಾಗದೊಂದಿಗೆ ಹಾಕಿ. ಆ ತಿಮಿಂಗಿಲ ಮೊದಲೇ ದಾಖಲಾಗಿದ್ದರೆ ಎಲ್ಲೆಲ್ಲಿ ಕಂಡಿತ್ತೆಂದು ತಿಳಿಸುತ್ತಾರೆ, ಮುಂದೆ ಬೇರೆ ಯಾರಿಗಾದರೂ ಕಂಡಾಗಲೂ ನಿಮಗೆ ಮಿಂಚಂಚೆ ಬರುತ್ತದೆ. ಸೆಪ್ಟೆಂಬರಿನಲ್ಲಿ ನೋಡಿದ ಬಾಲ ಫೆಬ್ರುವರಿಯಲ್ಲಿ ಮೆಕ್ಸಿಕೊದಲ್ಲಿ ಎದ್ದಿತಂತೆ ಎಂಬ ಸುದ್ದಿಯನ್ನು ಮೈಸೂರಿಗೆ ವಾಪಸಾದ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಬಹುದು.

ಹಕ್ಕಿಗಳ ಪಟ್ಟಿ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ. ಇಲ್ಲಿ ಹೊಸಬರು ತಪ್ಪುವುದು ಒಂದೇ ಕಡೆ: ಇಡೀ ದಿನಕ್ಕೆ ಒಂದೇ ಪಟ್ಟಿ ಮಾಡಿಬಿಡುತ್ತಾರೆ. ದಡದಿಂದ ಎರಡು ಮೈಲಿ ಆಚೆ ಹೋದ ಮೇಲೆ ಗಂಟೆಗೊಂದು ಹೊಸ ಪಟ್ಟಿ ಶುರು ಮಾಡಬೇಕು. ಇಲ್ಲದಿದ್ದರೆ ಧಕ್ಕೆಯ ಹೆಜ್ಜಾರ್ಲೆಯೂ ಕಮರಿಯ ಆಲ್ಬಟ್ರಾಸೂ ಒಂದೇ ಜಾಗದಲ್ಲಿ ಕಂಡಂತೆ ದಾಖಲಾಗುತ್ತವೆ. ಊರಿಗೆ ಹೋದಾಗ ಮಂಗಳೂರು, ಮಲ್ಪೆಯಿಂದ ಹಕ್ಕಿಪ್ರಿಯರು ಮೀನುದೋಣಿಯಲ್ಲಿ ಹೊರಡುವ ಪ್ರಯಾಣಕ್ಕೆ ಸೇರಿಕೊಳ್ಳುವ ಅವಕಾಶ ಸಿಕ್ಕರೂ ಇದೇ ಕ್ರಮ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಬಿಟ್ಟು ಯೋಚಿಸಿ.

ಕೊನೆಗೆ ದುರ್ಬೀನು. ಗಾಜಿನ ಮೇಲೆ ಒಣಗಿದ ಉಪ್ಪನ್ನು ಅಂಗಿಯ ತುದಿಯಿಂದಲೋ ಸೆರಗಿನಿಂದಲೋ ಒರೆಸಿದರೆ ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಮೊದಲು ಒತ್ತಿ ಹಿಡಿದು ಉಪ್ಪು ಕರಗಲು ಬಿಡಿ, ಆಮೇಲೆ ಒರೆಸಿ. ಅದೇ ರಾತ್ರಿ ಮಾಡಿ, ನಾಳೆ ನೋಡೋಣ ಎಂದರೆ ತಿರುಗಿಸುವ ಗಾಲಿ ಉಪ್ಪಿಗೆ ಕಚ್ಚಿಕೊಂಡಿರುತ್ತದೆ.